ಎಡಗೈಗೆ ಬಳೆ ಬೇಡ

ರಕ್ತವು ಹೃದಯದಿಂದ ಅಪಧಮನಿಯಲ್ಲಿ ಹೊರಟು, ದೇಹವೆಲ್ಲ ಸುತ್ತಿ ಕರ್ತವ್ಯ ಮುಗಿಸಿದ ಮೇಲಷ್ಟೇ ಅಭಿಧಮನಿಯಲ್ಲಿ ಮರಳಬೇಕು; ಇದು ಸೃಷ್ಟಿಯ ಅಚಲ ನಿಯಮ. ಹಿಂದೂಪುರದ ಶಾಲೆಯಲ್ಲಿ ಬೆತ್ತ ಹಿಡಿದು ಬಹಳ ವರ್ಷ ಇದನ್ನು ಸಾರಿದೆ. ನಿವೃತ್ತಿಯಾದ ಮೇಲೆ, ಅದೇ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ, ನನ್ನ ಎಡ ಮಣಿಕಟ್ಟಿನಲ್ಲೇ ಆ ನಿಯಮವನ್ನು ಮುರಿದರು.

ನನ್ನ ಮೂತ್ರಪಿಂಡಗಳೂ ನಿವೃತ್ತಿ ಬಯಸಿದ್ದವು. ಡಯಾಲಿಸಿಸ್ಸಿನ ದಪ್ಪ ಸೂಜಿಗೆ ಗಟ್ಟಿ ನಾಳ ಬೇಕು. ಅದನ್ನು ಮೊದಲೇ ತಯಾರು ಮಾಡಿಡಬೇಕು. ಕೈಯನ್ನಷ್ಟೇ ಮರಗಟ್ಟಿಸಿದ ಡಾಕ್ಟರು, ಅಭಿಧಮನಿಯ ತುದಿ ಕತ್ತರಿಸಿ, ಅಪಧಮನಿಯ ಪಕ್ಕದಲ್ಲೊಂದು ಸಣ್ಣ ಸೀಳು ಮಾಡಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಎರಡನ್ನೂ ಸೇರಿಸಿ ಹೊಲಿದರು. ರಕ್ತ ಬಿಟ್ಟೊಡನೆ ಮಣಿಕಟ್ಟು ಗುಂಯ್‌ಗುಟ್ಟಿತು.

“ಈ ಅದುರು ಇರೋವರೆಗೆ ನಾಳ ಇದೆ ಅಂತ ಮೇಡಂ. ಒಂದೂವರೆ ತಿಂಗಳು ಬಲಿಯಲಿ. ಆ ಕೈಗೆ ಬಿಪಿ ಪಟ್ಟಿ, ವಾಚು, ಬಳೆ ಏನೂ ಬೇಡ. ಒತ್ತಿದರೆ ಮುಚ್ಚಿಹೋಗುತ್ತೆ” ಎಂದರು.

ಹೊರಗೆ ಆಯಾ ಕೇಳಿದಳು: “ಜೊತೇಲಿ ಯಾರು ಬಂದವ್ರೆ ಟೀಚರಮ್ಮಾ?”

“ಕೊಡೆ ಬಂದೈತೆ ಕಣಮ್ಮ.”

ಮದುವೆಯ ಗೋಜಿಗೆ ಹೋಗದ ನನ್ನ ಮನೆಯಲ್ಲಿ ಸದ್ದು ಮಾಡುವ ಪದಾರ್ಥ ಕುಕ್ಕರ್ ಒಂದೇ ಆಗಿತ್ತು. ಈಗ ಕೈಯೂ ಸೇರಿತು. ರಬ್ಬರ್ ಚೆಂಡು ಹಿಸುಕಿ ಸಾಕಾದಾಗ ಮಣಿಕಟ್ಟನ್ನು ಕಿವಿಗಿಟ್ಟು ಕೇಳುತ್ತಿದ್ದೆ. ಕಾರ್ಯಕ್ರಮದಲ್ಲಿ ಬದಲಾವಣೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ತಂಗಿ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದಳು: ಕಲ್ಯಾಣದುರ್ಗದಲ್ಲಿ ಅವಳ ಮಗಳ ಸೀಮಂತ. ಎಡಗೈಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಹೋದೆ.

ಬಸುರಿಗೆ ತೊಡಿಸಿದ ಮೇಲೆ ಬಂದ ಹೆಂಗಸರಿಗೆಲ್ಲ ಹಸಿರು ಗಾಜಿನ ಬಳೆ. ಸಡಿಲ ಬಳೆಗೆ ಅಲ್ಲಿ ಮರ್ಯಾದೆ ಕಡಿಮೆ. ಬಳೆಗಾತಿ ಅಂಗೈ ಹಿಸುಕಿ, ಮಣಿಕಟ್ಟಿಗೆ ಕಚ್ಚಿ ಕೂರುವಂತೆ ಏರಿಸುತ್ತಿದ್ದಳು. ನಾನು ಬಲಗೈ ಚಾಚಿದೆ.

“ಆ ಕೈನೂ ಕೊಡಮ್ಮ.”

“ಅದಕ್ಕೆ ಬ್ಯಾಡ. ಆಪರೇಷನ್ ಆಗೈತೆ.”

“ಒಂಟಿ ಕೈಗೆ ಬಳೆ ಇಕ್ಕದ್ನ ನಾನೆಲ್ಲೂ ಕಂಡಿಲ್ಲ ಕಣಮ್ಮ. ಬಸುರಿ ಮುಂದೆ ಅಂಗೆಲ್ಲ ಮಾಡಬಾರ್ದು.”

ತಂಗಿಯ ಅತ್ತೆ ನನ್ನ ಮಣಿಕಟ್ಟು ಮುಟ್ಟಿ ಸರಕ್ಕನೆ ಕೈ ತೆಗೆದರು. “ಅಯ್ಯೋ ದೇವುಡಾ! ಒಳಗೆ ಜೇನ್ಹುಳ ಕೂತವೆ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ತಂಗಿ ನಗಲಿಲ್ಲ. “ಎರಡೇ ಎರಡು ಇಕ್ಕುಸ್ಕೊಳಕ್ಕ. ಸಾಯಂಕಾಲ ತೆಗೆದ್ಬುಡುವಂತೆ. ಏಮೀ ಕಾದು, ಏನೂ ಆಗಕಿಲ್ಲ.”

“ಇದು ನಿಂತೋಯ್ತದೆ ಕಣೇ.”

“ಅಂಗಾರೆ ಶಾಸ್ತ್ರ ಮುಗಿಯೋಗಂಟ ಒಳಗೆ ಕೂತ್ಕೋ. ಬೇಜಾರ್ ಮಾಡ್ಕೋಬ್ಯಾಡ.”

ಅಪ್ಪಣೆಯಂತೆ, ಬೇಜಾರು ಮಾಡಿಕೊಳ್ಳದೆ, ಕಡಲೆಕಾಯಿ ಮೂಟೆಗಳ ಕೋಣೆಯಲ್ಲಿ ಹೋಗಿ ಕುಳಿತೆ. ಹೊರಗೆ ಹಾಡು ಶುರುವಾಯಿತು. ಆ ಹುಡುಗಿ ಹೈಸ್ಕೂಲು ಮುಗಿಸಿದ್ದು ನನ್ನ ಮನೆಯಲ್ಲಿ. ಜಡೆ ಹೆಣೆದು ಕಳಿಸುತ್ತಿದ್ದವಳು ನಾನು. ಈಗ ಅವಳಿಗೆ ಅಕ್ಷತೆ ಹಾಕುವ ಸಾಲಿನಲ್ಲಿ, ದೊಡ್ಡಮ್ಮನ ಜಾಗದಲ್ಲಿ ಪಕ್ಕದ ಮನೆಯಾಕೆ ನಿಂತದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಬಳೆಗಾತಿ ಇನ್ನೂ ಗಂಟು ಕಟ್ಟಿರಲಿಲ್ಲ. ಎದ್ದು ಹೋಗಿ ಎಡಗೈ ಚಾಚಿದ್ದರೆ ಮುಗಿಯುತ್ತಿತ್ತು. ಅರ್ಧ ಎದ್ದೆ ಕೂಡ.

ಮಣಿಕಟ್ಟನ್ನು ಕಿವಿಗಿಟ್ಟೆ. ಹಾಡಿನಲ್ಲಿ ಏನೂ ಕೇಳಿಸಲಿಲ್ಲ. ಬೆರಳಿಟ್ಟು ನೋಡಿದೆ; ಅದುರುತ್ತಿತ್ತು. ಮತ್ತೆ ಕುಳಿತೆ.

ಮುಂದಿನ ತಿಂಗಳು ನಾಳ ಬಲಿತಿದೆ ಎಂದು ಡಾಕ್ಟರು ಹೇಳಿದರು. ಮೊದಲ ಡಯಾಲಿಸಿಸ್ಸಿನ ಸೂಜಿಗಳನ್ನು ಎಡಗೈಗೇ ಚುಚ್ಚಿದರು.