ಕೇಳದೆ ಉಳಿದ ಹೆಸರು

ಸೆನ್ಸೇಯ ಬಲಗೈ ಹೆಬ್ಬೆರಳಿನ ಉಗುರು ಕೊಂಬಿನಂತೆ ದಪ್ಪಗಿತ್ತು. ಹಳದಿಗಟ್ಟಿ, ತುದಿಯಲ್ಲಿ ಸಣ್ಣದಾಗಿ ಸೀಳು ಬಿಟ್ಟಿತ್ತು. ಆ ಉಗುರಿನಿಂದಲೇ ಅವರು ಆಳೆತ್ತರದ ಎಲೆಯನ್ನು ಬುಡದಿಂದ ತುದಿಯವರೆಗೆ ಒಂದೇ ಅಗಲದ ಪಟ್ಟಿಗಳಾಗಿ ಸೀಳುತ್ತಿದ್ದರು. ಹೊಸ ಬಟ್ಟೆ ಹರಿದ ಹಾಗೆ ಸರ್ರೆಂದು ಸದ್ದಾಗುತ್ತಿತ್ತು. ಮೂಲೆಯ ಕೊಂಬಿನಿ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿ ಒಮ್ಮೆ ಆ ಉಗುರು ಕಂಡು ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಸೆನ್ಸೇ ಮಾತ್ರ ಕೈ ಮುಚ್ಚಿಟ್ಟುಕೊಳ್ಳಲಿಲ್ಲ. ಚಿಲ್ಲರೆಯನ್ನು ಅದೇ ಉಗುರಿನಿಂದ ಒಂದೊಂದಾಗಿ ಮುಂದಕ್ಕೆ ತಳ್ಳಿ, ಹಾಲಿನ ಡಬ್ಬ ಎತ್ತಿಕೊಂಡು ಹೊರಬಂದರು.

ಸೆನ್ಸೇ ಎಂದರೆ ಇಲ್ಲಿ, ಜಪಾನಿನಲ್ಲಿ, ಗುರುಗಳನ್ನು ಕರೆಯುವ ಮಾತು. ಅವರು ನನಗೆ ಗುರುವಾದದ್ದು ಬೈಗುಳದಿಂದ. ನಾವು ನಗೋಯಾದ ಅಂಚಿನ ಈ ಬಡಾವಣೆಗೆ ಬಂದ ಮೊದಲ ವರ್ಷದ ಗೌರಿ ಹಬ್ಬ. ಮಾವಿನೆಲೆ ಎಲ್ಲಿಂದ ತರುವುದು? ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಪಕ್ಕದ ತುಂಡು ಜಾಗದಲ್ಲಿ ಕೇದಗೆಯಂಥ ಉದ್ದೆಲೆಯ ಪೊದೆಗಳು ಸಾಲಾಗಿದ್ದವು. ಯಾರದೋ ಅಲಂಕಾರದ ಗಿಡವಿರಬೇಕು, ಮೂರು ಎಲೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ನಡುವಿನ ಎಳೆಯ ಎಲೆಗಳನ್ನೇ ಕತ್ತರಿಸಿದೆ. ಪಕ್ಕದ ಹಳೆಯ ಮನೆಯ ಬಾಗಿಲು ದಡಾರನೆ ತೆರೆದುಕೊಂಡಿತು.

"ಮಗೂನ ಕೊಂದ್ಯಲ್ಲ!"

ಗಿಡ್ಡ ಕೂದಲಿನ, ಬಣ್ಣದ ಕಲೆಗಳಾದ ಏಪ್ರನ್ ತೊಟ್ಟ, ಅರವತ್ತು ದಾಟಿದ ಹೆಂಗಸು. ನಾನು ಎಷ್ಟು ಸಲ ಸುಮಿಮಾಸೆನ್, ಕ್ಷಮಿಸಿ ಎಂದರೂ ಬಿಡಲಿಲ್ಲ. ಕೈ ಹಿಡಿದು ಪೊದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಿ ತೋರಿಸಿದರು. ನಡುವಿನ ಸುಳಿ ಮಗು. ಅದರ ಎರಡು ಪಕ್ಕದ ಎಲೆಗಳು ಅಪ್ಪ, ಅಮ್ಮ. ಈ ಮೂವರನ್ನು ಮುಟ್ಟಬಾರದು. ಹೊರಗಿನ ಅಜ್ಜ ಅಜ್ಜಿಯರನ್ನು ಮಾತ್ರ ಕೊಯ್ಯಬೇಕು, ಅದೂ ಕೇಳಿ ಕೊಯ್ಯಬೇಕು. ಮಳೆಯಲ್ಲಿ ಕೊಯ್ಯಬಾರದು. "ಮೊದಲು ಕೇಳು," ಎಂದರು. ಮುಂದಿನ ಆರು ವರ್ಷ ನಾನು ಅವರ ಬಾಯಲ್ಲಿ ಅತಿ ಹೆಚ್ಚು ಕೇಳಿದ ಮಾತು ಇದು.

ಅವರ ಕತೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಮೂವತ್ತರ ವಯಸ್ಸಿನವರೆಗೂ ಒಂದು ಆಫೀಸಿನಲ್ಲಿ ಗಂಡಸರಿಗೆ ಚಹಾ ಕೊಟ್ಟುಕೊಂಡಿದ್ದವರು ಒಂದು ದಿನ ರಾಜೀನಾಮೆ ಬರೆದಿಟ್ಟು ನ್ಯೂಜಿಲೆಂಡಿಗೆ ಹೊರಟುಬಿಟ್ಟರು. ಅಲ್ಲಿ ಕಿವಿ ಹಣ್ಣಿನ ತೋಟವೊಂದರಲ್ಲಿ ಹಣ್ಣು ಪೆಟ್ಟಿಗೆಗೆ ತುಂಬುವ ಕೆಲಸ. ಇರಲು ಕೋಣೆ ಕೊಟ್ಟದ್ದು ಒಬ್ಬ ಮಾವೋರಿ ಅಜ್ಜಿ, ಅಲ್ಲಿಯ ಮೂಲನಿವಾಸಿಗಳವಳು. ಆ ಅಜ್ಜಿ ಇಂಥದೇ ಉದ್ದೆಲೆಯಿಂದ ನೇಯುತ್ತಿದ್ದಳು: ಬುಟ್ಟಿ, ಚಾಪೆ, ಹೆಗಲಿಗೆ ಹೊದೆಯುವ ನಾರಿನ ಮೇಲುಹೊದಿಕೆ. ಸೆನ್ಸೇ ಹೇಗೋ ವೀಸಾ ಮುಂದುವರಿಸಿಕೊಂಡು ಮೂರು ವರ್ಷ ಆಕೆಯ ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಇಲ್ಲಿ ತಂದೆ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಬಂದರು. ತಂದೆಯ ನಂತರ ತಾಯಿ. ಇಬ್ಬರನ್ನೂ ಕಳಿಸಿಕೊಟ್ಟು ತಲೆಯೆತ್ತುವಷ್ಟರಲ್ಲಿ ಐವತ್ತು ದಾಟಿತ್ತು. ಅಲ್ಲಿಯ ಅಜ್ಜಿ ಎಂದೋ ತೀರಿಕೊಂಡಿದ್ದಳು.

ಮದುವೆಯಾಗಲಿಲ್ಲ. ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ಬದುಕಿದರು. ಉಳಿದ ಹೊತ್ತೆಲ್ಲ ನೇಯ್ಗೆ ಮತ್ತು ಚಿತ್ರ. ಸೂಪರ್ ಮಾರ್ಕೆಟ್ಟಿನ ಚಿಪ್ಪುಮೀನು ತಿಂದು ಅದರ ಚಿಪ್ಪನ್ನು ಎತ್ತಿಟ್ಟುಕೊಳ್ಳುತ್ತಿದ್ದರು, ಅದರಿಂದ ಎಲೆಯ ಹಸಿರು ಹೆರೆದರೆ ಒಳಗಿನ ಬಿಳಿಯ ನಾರು ರೇಷ್ಮೆಯಂತೆ ಹೊರಬರುತ್ತಿತ್ತು. ಕಪ್ಪು ಬಣ್ಣಕ್ಕೆ ಕಬ್ಬಿಣದಂಶದ ಕೆಸರು ಬೇಕು. ಬಕೆಟ್ ಹಿಡಿದು ರೈಲು ಹತ್ತಿ ಯಾವ್ಯಾವುದೋ ಊರಿನ ಗದ್ದೆಗಳಿಗೆ ಹೋಗಿ, ರೈತರನ್ನು ಕೇಳಿ, ಕೆಸರು ತರುತ್ತಿದ್ದರು. ಆ ನಾರನ್ನು ಕ್ಯಾನ್ವಾಸಿನ ಮೇಲೆ ಹೊಲಿದು ಸುತ್ತ ಬಣ್ಣ ಹಚ್ಚುತ್ತಿದ್ದರು. ದೊಡ್ಡ ದೊಡ್ಡ ಕಪ್ಪು, ಕೆಂಪು. ಅವುಗಳ ಮುಂದೆ ನಿಂತಾಗ ನನಗೆ ಏನೂ ಅರ್ಥವಾಗದಿದ್ದರೂ ಬೇಗ ಅಲ್ಲಿಂದ ಹೊರಡಲು ಮನಸ್ಸಾಗುತ್ತಿರಲಿಲ್ಲ.

ಪ್ರತಿ ಶರತ್ಕಾಲ ವಾರ್ಡಿನ ಸಂಸ್ಕೃತಿ ಭವನದ ಎರಡನೇ ಮಹಡಿಯಲ್ಲಿ ಆರು ದಿನದ ಪ್ರದರ್ಶನ. ಒಂದು ಕಡೆ ಬೋನ್ಸಾಯ್ ಸಂಘ, ಇನ್ನೊಂದು ಕಡೆ ನಿವೃತ್ತರ ಫೋಟೋ ಸಂಘ, ನಡುವೆ ಸೆನ್ಸೇ. ಜನ ಬರುತ್ತಿದ್ದರು, "ಸುಗೋಯ್" ಎಂದು ಬೆರಗುಪಟ್ಟು, ಎಷ್ಟು ದಿನ ಹಿಡಿಯಿತು ಎಂದು ಕೇಳಿ ಹೋಗುತ್ತಿದ್ದರು. ನಗರದ ನಡುವಿನ ಸಾಕಾಯೆಯ ಗ್ಯಾಲರಿಯವನೊಬ್ಬ ಒಮ್ಮೆ ಬಂದು ಕೈಗೆ ಕಾರ್ಡು ಕೊಟ್ಟು, "ಕೈ ಚೆನ್ನಾಗಿದೆ. ಆದರೆ ಜಪಾನಿನದೇ ಏನಾದರೂ ಮಾಡಿ. ನಿಮ್ಮ ಕೈಯಲ್ಲಿ ಮಾವೋರಿ ನೇಯ್ಗೆ ಯಾರಿಗೆ ಬೇಕು?" ಎಂದ. ಸೆನ್ಸೇ ಬಗ್ಗಿ ನಮಸ್ಕರಿಸಿದರು. ಅವನು ಹೋದ ಮೇಲೆ ಕಾರ್ಡನ್ನು ನನ್ನ ಕೈಗಿಟ್ಟು, "ಇದು ಯಾವ ವಾರ ಹೊರಗಿಡುವ ಕಸ ನೋಡು," ಎಂದರು.

ನಾನು ಶನಿವಾರಗಳಂದು ಕಲಿಯಲು ಹೋಗುತ್ತಿದ್ದೆ. ಅವರು ಹೊಗಳಿದ್ದು ನೆನಪಿಲ್ಲ. ಮೂರು ವಾರ ಕೂತು ಹೆಣೆದ ಬುಟ್ಟಿಯನ್ನು ಒಮ್ಮೆ ನೋಡಿ, ಮಾತಿಲ್ಲದೆ ಬಿಚ್ಚಿ, ಪಟ್ಟಿಗಳನ್ನು ನೇರ ಮಾಡಿ ನನ್ನ ಮುಂದಿಟ್ಟಿದ್ದರು. "ಎಲ್ಲಿ ತಪ್ಪಾಯ್ತು ಅಂತ ನಿನಗೆ ಗೊತ್ತಿತ್ತು. ಅಲ್ಲೇ ಯಾಕೆ ನಿಲ್ಲಿಸಲಿಲ್ಲ?"

ಗೊತ್ತಿತ್ತು. ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ನನ್ನ ಸಂಬಳದ ಕೆಲಸವೂ ಅದೇ ಜಾತಿಯದು. ಇಲ್ಲಿಯ ಆಫೀಸಿಗೂ ಬೆಂಗಳೂರಿನ ಟೀಮಿಗೂ ನಡುವೆ ನಿಂತು ಮಾತು ದಾಟಿಸುವುದು. ಬೆಂಗಳೂರಿನವರು 'ಇವ್ರಿಗೆ ತಲೆ ಇಲ್ವಾ' ಎಂದರೆ ನಾನು 'ಇನ್ನೊಮ್ಮೆ ವಿವರಿಸಲು ಸಾಧ್ಯವೇ' ಎಂದು ಜಪಾನಿಯಲ್ಲಿ ಕೇಳುತ್ತಿದ್ದೆ. ಇಲ್ಲಿಯವರ ಸಿಟ್ಟು ಅಲ್ಲಿಗೆ ತಲುಪುವಾಗ ಸಲಹೆಯಾಗಿರುತ್ತಿತ್ತು. ಎರಡೂ ಕಡೆ ನನಗೆ ಒಳ್ಳೆಯ ಹೆಸರಿತ್ತು.

ಐದನೆಯ ವರ್ಷ ಸೆನ್ಸೇಯ ಕಣ್ಣು ಮಂಜಾಗತೊಡಗಿತು. ಬೆರಳಿನ ಸ್ಪರ್ಶದಿಂದ ನೇಯುತ್ತಿದ್ದರು, ಅಗಲ ಕುಂಚ ಹಿಡಿದು ಬಣ್ಣ ಹಚ್ಚುತ್ತಿದ್ದರು. ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಆ ವಸಂತದಲ್ಲಿ ನನ್ನನ್ನು ಕರೆದು, ತಾನು ಕಲಿತ ಊರಿನ ನೇಕಾರ ಹೆಂಗಸರ ಸಂಘವೊಂದಕ್ಕೆ ಇಂಗ್ಲಿಷಿನಲ್ಲಿ ಈಮೇಲ್ ಬರೆಯಲು ಹೇಳಿದರು. ಆ ಸಂಘ ನಡೆಸುವ ಪ್ರದರ್ಶನದಲ್ಲಿ ಒಂದು ಮೂಲೆ ಸಿಕ್ಕರೆ ಸಾಕು. ನಾನು ಫೋಟೋ ತೆಗೆದೆ, ಅವರು ಹೇಳಿದ್ದನ್ನು ಬರೆದೆ. ಕೊನೆಯ ಸಾಲು ಅವರದೇ: "ಕೇಳಬೇಕಾದ್ದು ಏನಿದ್ದರೂ ದಯವಿಟ್ಟು ಕೇಳಿ." ಅದು ಬರೀ ಜಪಾನಿ ಮರ್ಯಾದೆಯ ಮಾತೆಂದು ನಾನು ತಿಳಿದೆ.

ಹತ್ತು ದಿನಕ್ಕೆ ಉತ್ತರ ಬಂತು. ನಾಲ್ಕೇ ಸಾಲು. ಫೋಟೋ ನೋಡಿದೆವು. ನಮ್ಮ ಮಾದರಿಗಳನ್ನು ಎಲ್ಲೆಲ್ಲಿಯವರೋ ಎತ್ತಿಕೊಂಡು ಹೋಗುತ್ತಾರೆ. ನಿಮಗೆ ಇದನ್ನು ಕಲಿಸಿದವರು ಯಾರು, ಪ್ರದರ್ಶಿಸಬಹುದೆಂದು ಹೇಳಿದವರು ಯಾರು? ಅದು ತಿಳಿಯುವವರೆಗೆ ನಮ್ಮ ಜನರ ಹೆಸರಿನಲ್ಲಿ ಇದನ್ನು ತೋರಿಸಬೇಡಿ.

ನನಗೆ ಕೆನ್ನೆಗೆ ಹೊಡೆದಂತಾಯಿತು. ಗಂಡನಿಗೆ ತೋರಿಸಿದೆ. "ಛೇ, ಎಷ್ಟು ರೂಡ್ ಆಗಿ ಬರ್ದಿದಾರೆ. ಇದನ್ನ ಆ ವಯಸ್ಸಾದೋರಿಗೆ ಹಾಗೇ ಹೇಳ್ಬೇಡ ಕಣೇ. ಸ್ಪೇಸ್ ಇಲ್ವಂತೆ ಅಂದ್ಬಿಡು, ಮುಗೀತು," ಎಂದ. ನಾನೂ ಅದನ್ನೇ ಯೋಚಿಸಿದ್ದೆ. ತಪ್ಪನ್ನು ಅವನ ಮೇಲೆ ಹಾಕುವುದು ಸರಿಯಲ್ಲ.

ಶನಿವಾರ ಹೋಗಿ ಜಪಾನಿಯಲ್ಲಿ ಹೇಳಿದೆ. ತುಂಬ ಮೆಚ್ಚಿದ್ದಾರೆ, ಈ ವರ್ಷ ಜಾಗವಿಲ್ಲವಂತೆ. ಸೆನ್ಸೇ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. ಆಮೇಲೆ, "ಇಂಗ್ಲಿಷಿನಲ್ಲೇ ಓದು. ಅಲ್ಲಿಯವರ ಮಾತು ಕೇಳಿ ಎಷ್ಟು ವರ್ಷ ಆಯ್ತು," ಎಂದರು.

ನಾನು ಫೋನ್ ಎತ್ತಿಕೊಂಡೆ. ಪರದೆಯ ಮೇಲೆ ಆ ನಾಲ್ಕು ಸಾಲು. ಅವನ್ನು ನೋಡುತ್ತಲೇ ಇಲ್ಲದ ಸಾಲುಗಳನ್ನು ಓದಿದೆ. ಸುಂದರವಾದ ಕೆಲಸ, ವಂದನೆಗಳು, ಮುಂದೆಂದಾದರೂ ನೋಡೋಣ. ಒಂದು ಕಡೆಯೂ ತಡವರಿಸಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು.

"ಏನೂ ಕೇಳಿಲ್ವಾ?"

"ಇಲ್ಲ ಸೆನ್ಸೇ."

"ಸೋ ದೆಸು ಕಾ, ಹೌದಾ," ಎಂದು ಚಿಪ್ಪು ಕೈಗೆತ್ತಿಕೊಂಡರು.

ಆ ಶರತ್ಕಾಲವೂ ಎರಡನೇ ಮಹಡಿಯಲ್ಲಿ ಪ್ರದರ್ಶನವಾಯಿತು, ಹೊರಗಿನ ಫಲಕದಲ್ಲಿ ಎಂದಿನಂತೆ 'ಮಾವೋರಿ ನೇಯ್ಗೆ' ಎಂದೇ ಇತ್ತು. ನಾನೇ ಅದನ್ನು ನೇತುಹಾಕಲು ಸ್ಟೂಲು ಹಿಡಿದುಕೊಂಡಿದ್ದೆ.

ಮರುವರ್ಷದ ಬೇಸಿಗೆಯ ಮೊದಲಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ವಾರದ ನಂತರದ ಶನಿವಾರ ನಾನು ಹೋದಾಗ ಕಪ್ಪು ಕನ್ನಡಕ ತೆಗೆದು ಕೂತಿದ್ದರು. ಗೋಡೆಯ ಮೇಲಿನ ತಮ್ಮದೇ ಚಿತ್ರಗಳನ್ನು ನೋಡುತ್ತಾ, "ಕೆಂಪು ಜಾಸ್ತಿ ಆಗಿದೆ. ಯಾರೂ ಹೇಳಲೇ ಇಲ್ಲ," ಎಂದು ನಕ್ಕರು. ಚಹಾ ಸುರಿದರು. ನಂತರ ಕೈಚಾಚಿದರು.

"ಆ ಪತ್ರ ಕೊಡು. ಈಗ ನಾನೇ ಓದ್ತೀನಿ."

ಹಳೆಯ ಫೋನು ಕೆಟ್ಟಿತು ಎನ್ನಬಹುದಿತ್ತು. ಹುಡುಕುವ ನಾಟಕ ಆಡಬಹುದಿತ್ತು. ಅವರ ಕಣ್ಣು ಎಷ್ಟೋ ಕಾಲದ ನಂತರ ನನ್ನ ಮುಖದ ಮೇಲೆ ನೆಟ್ಟಗೆ ನಿಂತಿತ್ತು. ಫೋನ್ ಕೊಟ್ಟೆ.

ತುಟಿ ಅಲುಗಿಸುತ್ತಾ ಓದಿದರು. ಎರಡನೆಯ ಸಲ ಓದಿದರು. ತಾರೀಖು ನೋಡಿದರು.

"ಇದರಲ್ಲಿ ಪ್ರಶ್ನೆ ಇದೆಯಲ್ಲ."

"ನಿಮಗೆ ನೋವಾಗುತ್ತೆ ಅಂತ..."

"ಪ್ರಶ್ನೆ ಇದೆ." ಅವರ ದನಿ ಏರಲಿಲ್ಲ. "ನಾನು ಅಲ್ಲಿಂದ ಹೊರಡುವ ದಿನ ಆ ಅಜ್ಜಿ ಒಂದೇ ಮಾತು ಹೇಳಿದಳು. ನೇಯಿ, ತೋರಿಸು, ಕಲಿಸು. ಯಾರು ಕಲಿಸಿದರು ಅಂತ ಯಾರಾದರೂ ಕೇಳಿದರೆ ಎದ್ದು ನಿಂತು ನನ್ನ ಹೆಸರು, ನನ್ನ ಅಮ್ಮನ ಹೆಸರು ಹೇಳು. ಕೇಳದೆ ಹೇಳಬೇಡ, ಅದು ಜಂಬ ಆಗುತ್ತೆ. ನಾನು ಕಾದೆ. ಎಷ್ಟು ದಿನ ಹಿಡಿಯಿತು ಅಂತ ಕೇಳಿದರು, ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದರು. ಮೂವತ್ತೈದು ವರ್ಷದಲ್ಲಿ ಇದನ್ನು ಕೇಳಿದವರು ಇವರೊಬ್ಬರೇ." ಫೋನನ್ನು ನನ್ನ ಕಡೆ ಸರಿಸಿದರು. "ನೀನೂ ಕೇಳಲಿಲ್ಲ."

ನಿಜ. ಆರು ವರ್ಷ ಅವರ ಎದುರು ಕೂತು ಕಲಿತವಳು ನಾನು. ಆ ಅಜ್ಜಿ ನನಗೆ ಬರೀ 'ಒಬ್ಬ ಮಾವೋರಿ ಅಜ್ಜಿ' ಆಗಿಯೇ ಉಳಿದಿದ್ದಳು.

"ಈಗಲೇ ಬರೆಯೋಣ ಸೆನ್ಸೇ. ತಪ್ಪು ನನ್ನದು ಅಂತ ನಾನೇ ಬರೀತೀನಿ."

"ಮತ್ತೆ ನನ್ನ ಪರವಾಗಿ ನೀನೇ ಮಾತಾಡ್ತೀಯಾ?"

ಎತ್ತಿಕೊಂಡ ಫೋನನ್ನು ಕೆಳಗಿಟ್ಟೆ.

"ಅವರು ಕೇಳಿದಾಗ ನಾನು ಸುಮ್ಮನಿದ್ದೆ, ತೋರಿಸಬೇಡ ಎಂದ ಮೇಲೂ ಬೋರ್ಡು ಹಾಕಿ ತೋರಿಸಿದೆ. ಅವರಿಗೆ ನಾನು ಕಳ್ಳಿ. ಈಗ ಆಕೆಯ ಹೆಸರು ಹೇಳಿದರೆ ಸಿಕ್ಕಿಬಿದ್ದ ಕಳ್ಳಿ ಹೇಳಿದ ಹಾಗೆ. ಆ ಹೆಸರನ್ನು ಅಂಥ ಬಾಯಿಂದ ಹೇಳಲ್ಲ."

"ನನಗಾದರೂ ಹೇಳಿ," ಎಂದೆ.

"ನಿನಗಾ?" ಅಷ್ಟೇ ಅಂದರು. ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಆ ವರ್ಷದ ಪ್ರದರ್ಶನದ ಬುಕಿಂಗನ್ನು ಅವರು ರದ್ದು ಮಾಡಿಸಿದರು. ಮತ್ತೆಂದೂ ಎಲ್ಲೂ ಏನನ್ನೂ ತೋರಿಸಲಿಲ್ಲ. ಕ್ಷಮೆ ಕೇಳಲು ಮೂರು ಸಲ ಹೋದೆ. ಬಾಗಿಲು ತೆರೆದರು, ಆದರೆ ಒಳಗೆ ಕರೆಯಲಿಲ್ಲ. ಕಸ ಇಡುವ ಜಾಗದಲ್ಲಿ ಎದುರಾದರೆ ಸೊಂಟ ಬಗ್ಗಿಸಿ ವಂದಿಸುತ್ತಿದ್ದರು. "ತಾವು ಆರೋಗ್ಯವೇ? ಮನೆಯವರು ಕ್ಷೇಮವೇ?" ಎಂದು ಅಪರಿಚಿತರೊಡನೆ ಆಡುವ ಅತಿ ಮರ್ಯಾದೆಯ ಜಪಾನಿಯಲ್ಲಿ ಕೇಳುತ್ತಿದ್ದರು. ಆರು ವರ್ಷ ನನ್ನನ್ನು ನೀನು ಎಂದು ಬೈದಿದ್ದ ಬಾಯಿ ಅದು. ಆ ತಾವು ಎನ್ನುವ ಮಾತು ಕೇಳಿ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. "ಬಿಡೇ, ಅವ್ರು ಓವರ್ ರಿಯಾಕ್ಟ್ ಮಾಡ್ತಿದಾರೆ," ಎಂದು ಗಂಡ ಸಮಾಧಾನ ಹೇಳಿದ. ನನಗೆ ಹಾಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಅದಾದ ಎರಡನೆಯ ಚಳಿಗಾಲದಲ್ಲಿ, ಬಡಾವಣೆಯಲ್ಲಿ ಮನೆಯಿಂದ ಮನೆಗೆ ದಾಟಿಸುವ ಸೂಚನಾ ಫೈಲಿನಲ್ಲಿ, ನೀರಿನ ಪೈಪ್ ರಿಪೇರಿಯ ಚೀಟಿಯ ಕೆಳಗೆ ಅವರ ಮರಣದ ಸುದ್ದಿ ಇತ್ತು. ಹೃದಯ ನಿಂತಿತ್ತಂತೆ. ಅಂತ್ಯಕ್ರಿಯೆ ಆಗಲೇ ಮುಗಿದಿತ್ತು. ನೋಡಿದ್ದೇನೆ ಎಂದು ನಾನು ಆ ಫೈಲಿಗೆ ನನ್ನ ಮುದ್ರೆ ಒತ್ತಿ ಮುಂದಿನ ಮನೆಗೆ ಕೊಟ್ಟೆ.

ಒಸಾಕಾದಿಂದ ಸೆನ್ಸೇಯ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿಸಿದ. ಸಭ್ಯ ಮನುಷ್ಯ. ಅಂಗಳದಲ್ಲಿ ಜೋಡಿಸಿದ್ದ ಕ್ಯಾನ್ವಾಸುಗಳನ್ನೂ ನಾರಿನ ಹೊದಿಕೆಗಳನ್ನೂ ತೋರಿಸಿ, "ಸುಮಿಮಾಸೆನ್, ಇವನ್ನು ಸುಡುವ ಕಸಕ್ಕೆ ಹಾಕಬಹುದೇ, ಅಥವಾ ದೊಡ್ಡ ಕಸವೋ?" ಎಂದು ನನ್ನನ್ನು ಕೇಳಿದ. ಇವನ್ನು ಸುಡಬಾರದು ಎಂದೆ. ಹಾಗಾದರೆ ನೀವೇ ಇಟ್ಟುಕೊಳ್ಳಿ ಎಂದು ನಿರಾಳವಾಗಿ ಬಗ್ಗಿದ. ನಮ್ಮ ಎರಡು ಕೋಣೆಯ ಮನೆಯಲ್ಲಿ ಹಿಡಿಸಿದ್ದು ಏಳು. ಉಳಿದವನ್ನು ಲಾರಿ ತೆಗೆದುಕೊಂಡು ಹೋಯಿತು. ಪೊದೆಗಳ ಜಾಗದಲ್ಲಿ ಈಗ ಎರಡು ಕಾರು ನಿಲ್ಲುತ್ತವೆ.

ಆ ವಾರ ನಾನು ಆ ಸಂಘಕ್ಕೆ ಬರೆದೆ. ಏನನ್ನೂ ಮೆತ್ತಗೆ ಮಾಡಲಿಲ್ಲ. ನಿಮ್ಮ ಪ್ರಶ್ನೆಯನ್ನು ನಾನು ಬಚ್ಚಿಟ್ಟೆ, ಅವರಿಗೆ ಸುಳ್ಳು ಓದಿ ಹೇಳಿದೆ, ಅವರು ಕಳ್ಳಿಯಲ್ಲ, ನಿಮ್ಮ ಊರಿನ ಒಬ್ಬ ಅಜ್ಜಿ ಮೂರು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ ಒಪ್ಪಿಗೆ ಕೊಟ್ಟು ಕಳಿಸಿದ್ದಳು, ಏಳು ಕೆಲಸಗಳು ನನ್ನ ಬಳಿ ಇವೆ, ಎಲ್ಲಿಗೆ ಕಳಿಸಲಿ ಎಂದು.

ಮೂರನೆಯ ದಿನ ಉತ್ತರ ಬಂತು. ಈ ಸಲ ಅದರಲ್ಲಿ ಮುಳ್ಳಿರಲಿಲ್ಲ. ತಿಳಿಸಿದ್ದಕ್ಕೆ ವಂದನೆ ಹೇಳಿ, ಅವರು ಹೋದದ್ದಕ್ಕೆ ದುಃಖಪಟ್ಟು ಬರೆದಿದ್ದರು. ಆ ಕಾಲದಲ್ಲಿ ಇಲ್ಲಿ ನೇಯುತ್ತಿದ್ದ ಅಜ್ಜಿಯರು ಹಲವರಿದ್ದರು, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಯಾರ ಕೈಯಿಂದ ಹೋದ ಕೆಲಸವೆಂದು ತಿಳಿದರೆ ಆ ಮನೆಗೆ ತಲುಪಿಸುತ್ತೇವೆ. ಕಲಿಸಿದವರ ಹೆಸರು ಹೇಳಿ.

ಅವರು ನನಗೆ ಹೇಳಲಿಲ್ಲ, ನಾನು ಕೇಳಬೇಕಾದಾಗ ಕೇಳಿರಲಿಲ್ಲ, ನನಗೆ ಗೊತ್ತಿಲ್ಲ ಎಂದು ಬರೆದು ಕಳಿಸಿದೆ.