ಊರಿನ ಕೋರ್ಟನ್ನು ಬಿಟ್ಟುಕೊಟ್ಟ ವಕೀಲ

ವಕೀಲ ಅಸಾಹೆಲ್ ಪ್ರೂಯಿಟ್ ವಾದಕ್ಕೆ ನಿಂತನೆಂದರೆ ಇಂಡಿಯಾನಾದ ಮಿಲ್‌ಬರ್ಗಿನಲ್ಲಿ ಕಮ್ಮಾರನೂ ಸುತ್ತಿಗೆ ಕೆಳಗಿಟ್ಟು ಕೋರ್ಟಿಗೆ ಬರುತ್ತಿದ್ದ. ಹೆಂಡತಿ ಲುಸಿಂಡಾ ಮಾತ್ರ ಹೋಗುತ್ತಿರಲಿಲ್ಲ. ಹಿಂದಿನ ಸಂಜೆಯೇ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತ ಅವಳು ಅವನ ವಾದವನ್ನೆಲ್ಲ ಕೇಳಿ ಮುಗಿಸಿರುತ್ತಿದ್ದಳು.

"ಆ ಕಣ್ಣೀರಿನ ಭಾಗ ತೆಗೆದುಹಾಕು. ಹಸು ಕಳಕೊಂಡೋನು ಅಷ್ಟೊಂದು ಅಳಲ್ಲ," ಎನ್ನುವಳು. ಅವನು ಗೊಣಗಿಕೊಂಡೇ ತೆಗೆಯುವನು.

ಜಿಲ್ಲೆಯ ಮುಕ್ಕಾಲು ಜನ ಹೊಳೆಯಾಚೆಗಿದ್ದರು. ಮಿಲ್‌ಬರ್ಗಿನ ಕೋರ್ಟನ್ನು ಆಚೆ ದಡದ ಹಾರ್ಮನ್ ಊರಿಗೆ ಕೊಡಿ ಎಂದು ಅವರು ಕೇಳುತ್ತಿದ್ದರು. ಅದನ್ನು ತಡೆಯಲೆಂದೇ ಮಿಲ್‌ಬರ್ಗಿನವರು ಅಸಾಹೆಲ್‌ನನ್ನು ಶಾಸನಸಭೆಗೆ ಗೆಲ್ಲಿಸಿದರು. ಕೋರ್ಟಿಗೆ ಬರುವವರನ್ನೇ ನಂಬಿ ಹೋಟೆಲು ನಡೆಸುತ್ತಿದ್ದ ಟೋಬಿಯಸ್ ಹಫ್‌ನ ಕೈಹಿಡಿದು, ಕೋರ್ಟನ್ನು ಉಳಿಸುತ್ತೇನೆಂದು ಅವನು ಮಾತು ಕೊಟ್ಟ.

ಆ ಚಳಿಗಾಲ ಮರ್ಸಿ ಗೇಟ್ಸ್ ಎಂಬ ವಿಧವೆ ಜಮೀನಿನ ವಿಷಯಕ್ಕೆ ಕೋರ್ಟಿಗೆ ಬರುವಾಗ ಹೆಪ್ಪುಗಟ್ಟಿದ ಹೊಳೆ ಬಿರಿಯಿತು. ಕುದುರೆ ಮುಳುಗಿತು. ಅವಳನ್ನು ಪ್ರೂಯಿಟ್ ಮನೆಗೆ ಎತ್ತಿ ತಂದರು. ಲುಸಿಂಡಾ ಒಲೆಯ ಮುಂದೆ ಕೂರಿಸಿ ಅವಳ ಪಾದ ಉಜ್ಜಿದಳು.

"ನಾವು ಬರೋದೇ ಹೀಗೆ, ವಕೀಲರೇ," ಎಂದಳು ಮರ್ಸಿ. "ನನ್ನ ಗಂಡಾನೂ ಇದೇ ಹೊಳೇಲಿ ಹೋದ್ರು."

ಏನು ಮಾಡಬೇಕೆಂದು ಲುಸಿಂಡಾ ಈ ಸಲ ಗಂಡನಿಗೆ ಹೇಳಿಕೊಡಲಿಲ್ಲ. ಶಾಸನಸಭೆಯಲ್ಲಿ ಅವನು ಹಾರ್ಮನ್ನಿನ ಪರ ಮತ ಹಾಕಿದ; ಕೋರ್ಟು ಹೊಳೆಯಾಚೆ ಹೋಯಿತು.

"ನಿನ್ನ ನಾಲಿಗೆ ನಂಬಿ ಕೂತಿದ್ವಿ. ಊರನ್ನೇ ನುಂಗಿಬಿಟ್ಟೆ," ಎಂದ ಹಫ್, ನಡುಬೀದಿಯಲ್ಲಿ.

"ಮಾತು ತಪ್ಪಿದ್ದು ನಿಜ, ಟೋಬಿಯಸ್," ಎಂದಷ್ಟೇ ಹೇಳಿ ಅಸಾಹೆಲ್ ಮನೆಗೆ ನಡೆದ.

ಮುಂದಿನ ಚುನಾವಣೆಯಲ್ಲಿ ಹೀನಾಯವಾಗಿ ಸೋತ. ಚರ್ಚಿನಲ್ಲಿ ಗಂಡಹೆಂಡತಿ ಕೂತ ಬೆಂಚಿನ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ.

"ಹಾರ್ಮನ್ನಿಗೇ ಹೋಗಿಬಿಡೋಣ್ವಾ?" ಎಂದು ಅಸಾಹೆಲ್ ಕೇಳಿದ.

"ಇಷ್ಟು ವರ್ಷ ಚಪ್ಪಾಳೆ ತಟ್ಟೋರ ಮಧ್ಯೆ ಇದ್ದೆ," ಎಂದಳು ಲುಸಿಂಡಾ. "ತಟ್ಟದೇ ಇರೋರ ಜೊತೆಗೂ ಒಂದಿಷ್ಟು ಕಾಲ ಬಾಳಿ ನೋಡು."

ಅವರು ಅಲ್ಲೇ ಉಳಿದರು. ಅವನು ಹೇಸರಗತ್ತೆಯೇರಿ ಹೊಳೆ ದಾಟಿ ಹಾರ್ಮನ್ನಿನ ಕೋರ್ಟಿಗೆ ಹೋಗಿಬರುತ್ತಿದ್ದ. ಎಷ್ಟೋ ವರ್ಷಗಳ ಮೇಲೆ, ಪಕ್ಕದವನು ಹಫ್‌ನ ಹೋಟೆಲಿನ ಹಿತ್ತಲು ತನ್ನದೆಂದು ದಾವೆ ಹೂಡಿದಾಗ, ಹಫ್ ಪ್ರೂಯಿಟ್ ಮನೆಯ ಗೇಟಿನ ಬಳಿ ಬಂಡಿ ನಿಲ್ಲಿಸಿದ.

"ನಂಗೆ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ," ಎಂದ.

"ಇಳೀಬೇಕಾಗಿಲ್ಲ. ಸ್ವಲ್ಪ ಆಚೆ ಸರ್ಕೋ, ಕೂತ್ಕೋತೀನಿ," ಎಂದು ಅಸಾಹೆಲ್ ಬಂಡಿ ಹತ್ತಿದ.

ಹಾರ್ಮನ್ನಿನ ಕೋರ್ಟಿನಲ್ಲಿ ಅವನು ವಾದಿಸಿದ; ಹಿತ್ತಲು ಹಫ್‌ಗೇ ಉಳಿಯಿತು. ವಾಪಸು ಬರುವಾಗ ಹಫ್ ದಾರಿಯುದ್ದಕ್ಕೂ ಹಾರ್ಮನ್ನಿನ ಕಾಫಿಯನ್ನು ಬೈದ. ಬಂದವನು ಲುಸಿಂಡಾಳ ಅಡುಗೆಮನೆಯಲ್ಲಿ ಎರಡು ಲೋಟ ಕಾಫಿ ಕುಡಿದೇ ಎದ್ದ.