ನಾಲ್ಕು ಪತ್ರಿಕೆ, ಒಬ್ಬ ಸೇಠ್

ವಾಸಣ್ಣ ಅಂದಿನ ಗುಜರಾತಿ ಪೇಪರನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸುತ್ತಿದ್ದರು. ಅದೂ ಮೈದಾ ಅಂಟು ಕಾಯಿಸಿ!

"ಅಕ್ಕಾ, ನಮ್ಮ ಹೋಟೆಲಿನ ಹೆಸರು ಪೇಪರಲ್ಲಿ ಬಂದಿದೆ. ಎಂತ ಬರ್ದಿದ್ದಾರೆ, ಸ್ವಲ್ಪ ಓದಿ ಹೇಳಿ."

ವಾಸಣ್ಣ ಕುಂದಾಪುರದ ಕಡೆಯವರು. ಅಹಮದಾಬಾದಿನ ರಾಯಪುರ ದರವಾಜಾದ ಹತ್ತಿರ ಹತ್ತು ವರ್ಷದಿಂದ ಅವರ ಇಡ್ಲಿ-ಸಾಂಬಾರಿನ ಹೋಟೆಲಿದೆ. ಗುಜರಾತಿ ಸಲೀಸಾಗಿ ಮಾತಾಡುತ್ತಾರೆ. ಓದಲು ಬರುವುದು ತಮ್ಮ ಬೋರ್ಡು ಮಾತ್ರ. ನಾನು (ಮಗಳ ಒಂದನೇ ಕ್ಲಾಸಿನ ಪುಸ್ತಕದ ಕೃಪೆಯಿಂದ) ಸುಮಾರಾಗಿ ಓದುತ್ತೇನೆ.

ಓದಿದೆ. ಮಂಗಳವಾರ ಹತ್ತಿರದ ಬಟ್ಟೆ ಮಿಲ್ಲಿನ ಏಳು ಕಾರ್ಮಿಕರು ಇಲ್ಲಿಯ ಇಡ್ಲಿ ತಿಂದು, ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಾರಂತೆ!

ಹೇಗೆ ಹೇಳುವುದು? ಹೇಳದೆ ಇರುವುದಾದರೂ ಹೇಗೆ? ಹೇಳಿದೆ.

"ಮಂಗಳವಾರ ನಾವು ಬಾಗಿಲೇ ತೆಗ್ದಿಲ್ಲ ಮಾರಾಯ್ರೆ! ಅಮ್ಮನ ಶ್ರಾದ್ಧ ಅಲ್ವಾ?"

ಆಗ ಬೆಳಗ್ಗೆ ಹತ್ತು ಗಂಟೆ. ಗಿರಾಕಿ ನಾನೊಬ್ಬಳೇ. ಯಾಕೆಂದು ಇಬ್ಬರಿಗೂ ಈಗ ಅರ್ಥವಾಯಿತು.

ಪತ್ರಿಕೆಯ ಆಫೀಸಿಗೆ ಹೋದೆವು. ಸಂಪಾದಕರು ಕೂರಿಸಿದರು, ಚಹಾ ತರಿಸಿದರು. ಅವರ ತಲೆಯ ಮೇಲೆ ಮಾಲೀಕ ಸೇಠರ ಫೋಟೋ. "ಬಂದ ಸುದ್ದಿ ಬಂತು ಬೆಹೆನ್. ತಿದ್ದುಪಡಿ ಹಾಕುವುದಿಲ್ಲ" ಎಂದರು.

ಊರಿಗೆ ಇದೊಂದೇ ಪತ್ರಿಕೆಯೇ? ಸಂಜೆಯ ಪತ್ರಿಕೆಯ ಆಫೀಸಿಗೆ ನಡೆದೆವು. ಅಲ್ಲೂ ಅದೇ ಫೋಟೋ! ಇಂಗ್ಲಿಷ್ ಪತ್ರಿಕೆಯನ್ನೂ ಸೇಠರು ಹೋದ ವರ್ಷ ಕೊಂಡರಂತೆ. "ವಡೋದರಾದ ವಾರಪತ್ರಿಕೆ ಇದೆಯಲ್ಲ?" ಎಂದೆ. ಅಲ್ಲಿಯ ಗುಮಾಸ್ತ ನಕ್ಕ. "ಅದೂ ನಮ್ಮದೇ."

ಮೆಟ್ಟಿಲಿಳಿಯುವಾಗ ಮುದುಕರೊಬ್ಬರು ಹಿಂದೆಯೇ ಬಂದರು. ಬೆರಳೆಲ್ಲ ಮಸಿ. ಸೇಠರ ಪತ್ರಿಕೆಗಳಿಗೆ ಪ್ರೂಫ್ ನೋಡುವ ಜಯಂತಿಭಾಯಿ.

"ವರದಿಗಾರ 'ಮಿಲ್ಲಿನ ಕ್ಯಾಂಟೀನ್' ಅಂತಲೇ ಬರೆದಿದ್ದ. ಅದನ್ನು ತೆಗೆದು ನಿಮ್ಮ ಹೋಟೆಲಿನ ಹೆಸರು ಹಾಕಿ ಅಂತ ಮೇಲಿನಿಂದ ಫೋನ್ ಬಂತು. ಮಿಲ್ಲೂ ಸೇಠರದೇ ಅಲ್ಲವೇ? ತಿದ್ದಿದ್ದು ನನ್ನ ಕೈಯೇ. ಕ್ಷಮಿಸು ಭಾಯಿ, ಮನೆಯಲ್ಲಿ ಮೂವರು ಹೆಣ್ಣುಮಕ್ಕಳು."

ನನಗೆ ಮೈಯೆಲ್ಲ ಉರಿಯಿತು. ವಾಸಣ್ಣ ಮಾತ್ರ ಆ ಕೈಯನ್ನು ಹಿಡಿದುಕೊಂಡರು. "ಅವ್ರು ಹೇಳದೇ ಇರ್ಬಹುದಿತ್ತಲ್ಲ ಅಕ್ಕ" ಎಂದರು ದಾರಿಯಲ್ಲಿ.

ಮರುದಿನ ವಾಸಣ್ಣ ಆಸ್ಪತ್ರೆಗೆ ಹೋದರು. ಜಗಳಕ್ಕಲ್ಲ, ಗಂಜಿ ತೆಗೆದುಕೊಂಡು. ಆ ಏಳು ಮಂದಿಗೆ ಪೇಪರಿನ ವಿಷಯವೇ ಗೊತ್ತಿರಲಿಲ್ಲ! ನಾಲ್ಕು ದಿನ ಗಂಜಿ ಹೋಯಿತು. ಐದನೆಯ ದಿನ ಏಳೂ ಮಂದಿ ಗುಣವಾಗಿ ನೇರ ಹೋಟೆಲಿಗೇ ಬಂದರು. ಬೀದಿಗೆ ಕಾಣುವಂತೆ ಮುಂದಿನ ಮೇಜಿನಲ್ಲಿ ಕೂತು ಇಡ್ಲಿ ತಿಂದರು. ಅವರಲ್ಲಿ ರಮಣಭಾಯಿ ಎಂಬವರು ಬಾಗಿಲಲ್ಲಿ ನಿಂತು ಕೂಗಿದರು: "ಪೇಪರಿನ ರೋಗಿ ನಾನೇ! ಕಾಯಿಲೆ ಬಂದದ್ದು ಮಿಲ್ಲಿನ ಕ್ಯಾಂಟೀನಿನಿಂದ!"

ಅರ್ಧದಷ್ಟು ಗಿರಾಕಿಗಳು ಮರಳಿದ್ದಾರೆ. ರಮಣಭಾಯಿಯ ಮಿಲ್ಲಿನ ಕೆಲಸ ಹೋಯಿತು. ಈಗ ವಾಸಣ್ಣನ ಹೋಟೆಲಿನಲ್ಲೇ ಹಿಟ್ಟು ರುಬ್ಬುತ್ತಾರೆ. ನಾಲ್ಕರಲ್ಲಿ ಒಂದು ಪತ್ರಿಕೆಯೂ ಈ ಸುದ್ದಿ ಹಾಕಲಿಲ್ಲ.

ಊರಿಗೆ ಒಂದೇ ಅಂಗಡಿಯಾದರೆ ಅಂಗಡಿಯವನು ಹೇಳಿದ್ದೇ ಬೆಲೆ. ಪತ್ರಿಕೆಗಳೆಲ್ಲ ಒಬ್ಬನವೇ ಆದರೆ? ಅವನು ಹೇಳಿದ್ದೇ ನಿಜ.

ಇದನ್ನು ನೀವು ಓದುತ್ತಿರುವುದು ಕೂಡ, ನಮ್ಮ ಈ ಕನ್ನಡ ಪತ್ರಿಕೆಯ ಮಾಲೀಕರಿಗೆ ಇನ್ನೂ ಮಿಲ್ಲಿಲ್ಲ ಎಂಬ ಒಂದೇ ಕಾರಣಕ್ಕೋ ಏನೋ?